ಚಂಡಮಾರುತದ ನಡುವಿನ ನಂಬರು

ಹುಣಸೂರಿನ ನಮ್ಮ ಮನೆಯ ಹಜಾರದಲ್ಲಿ ಗಾಳಿಯ ಒತ್ತಡ ಅಳೆಯುವ ಮಾಪಕವೊಂದಿದೆ. ಹಿತ್ತಾಳೆಯ ಅಂಚು, ಒಳಗೆ ಗಡಿಯಾರದಂಥ ಮುಳ್ಳು. ನಾನು ಹವಾಮಾನ ಕಚೇರಿಯಿಂದ ನಿವೃತ್ತಳಾದ ದಿನ ಜೊತೆಯವರು ಕೊಟ್ಟ ಉಡುಗೊರೆ. ಬೇರೆಯವರಿಗೆ ಶಾಲು, ಹಾರ, ಗಂಧದ ಪೆಟ್ಟಿಗೆ ಕೊಡುತ್ತಾರೆ. ನನಗೆ ಇದನ್ನು ಕೊಟ್ಟು ಇದ್ದಬದ್ದ ನೆಮ್ಮದಿಯನ್ನೂ ಕಿತ್ತುಕೊಂಡರು. ಕಾಫಿ ಲೋಟ ಹಿಡಿದು ಅದರ ಮುಂದೆ ಹೋಗಿ ನಿಲ್ಲುತ್ತೇನೆ. ಗಾಜನ್ನು ಬೆರಳಿನಿಂದ ತಟ್ಟುತ್ತೇನೆ. ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ಕಾಫಿಯನ್ನು ಅಲ್ಲೇ ಇಟ್ಟು ಬೀದಿಗೆ ಬಂದು ಆಕಾಶ ನೋಡುತ್ತೇನೆ. "ಒಂದ್ ಗಳಿಗೆ ಕೂತ್ಕೊಳ್ಳೆ ಗಿರಿಜಾ, ಗಾಳಿ ಬೀಸಕ್ಕೆ ನಿನ್ನ ಪರ್ಮಿಷನ್ ಬೇಕಾ?" ಅನ್ನುತ್ತಾರೆ ನಮ್ಮ ಯಜಮಾನರು. ಅವರು ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಕೂತಲ್ಲೇ ನಿದ್ದೆ ಮಾಡಬಲ್ಲರು.

ಎದುರುಮನೆಯ ಅಕ್ಬರ್ ಸಾಹೇಬರು ಮರಗೆಲಸದವರು. ಬೀದಿಯ ಕೊನೆಯಲ್ಲಿ ತಗಡಿನ ಶೀಟು ಹೊದಿಸಿದ ಅವರ ಅಂಗಡಿಯಿದೆ. ಹೋದ ಸಲ ಸಮುದ್ರದಲ್ಲಿ ಚಂಡಮಾರುತ ಎದ್ದಿದ್ದಾಗ ಟಿ.ವಿ.ಯಲ್ಲಿ ಅದರ ನಡುವಿನ ಒತ್ತಡ ಒಂಬೈನೂರ ಎಪ್ಪತ್ತು ಅಂತ ತೋರಿಸುತ್ತಿದ್ದರು. ಒತ್ತಡ ಕಡಿಮೆಯಾದಷ್ಟೂ ಬಿರುಗಾಳಿ ಜೋರು ಅಂತ ನಾನೇ ಅವರಿಗೆ ಹಿಂದೊಮ್ಮೆ ಹೇಳಿದ್ದೆ. ನಮ್ಮ ಮನೆಗೆ ಬಂದವರು ಗೋಡೆಯ ಮಾಪಕ ನೋಡಿದರು. ಮುಳ್ಳು ಒಂಬೈನೂರ ಇಪ್ಪತ್ತರ ಆಸುಪಾಸಿನಲ್ಲಿತ್ತು. ನೋಡಿದವರೇ ಎದ್ದು ಹೋದರು. ನಾನು ಸಾರಿಗೆ ಒಗ್ಗರಣೆ ಹಾಕಿ ಹೊರಗೆ ಬರುವಷ್ಟರಲ್ಲಿ ಸಾಹೇಬರು ಅಂಗಡಿಯ ಸೂರಿನ ಮೇಲೆ ಕೂತು ಶೀಟುಗಳಿಗೆ ಹಗ್ಗ ಬಿಗಿಯುತ್ತಿದ್ದರು. ಅಕ್ಕಪಕ್ಕದವರು ಬಟ್ಟೆ, ಹಪ್ಪಳ ಎಲ್ಲ ಒಳಗೆ ಎಳೆದುಕೊಳ್ಳುತ್ತಿದ್ದರು.

"ಏನ್ ಸಾಹೇಬ್ರೇ ಇದು?"

"ನೀವು ಹೇಳ್ದೆ ಮುಚ್ಚಿಟ್ರಲ್ಲಾ ಮೇಡಂ. ಸಮುದ್ರದಾಗೇ ಒಂಬೈನೂರ ಎಪ್ಪತ್ತು. ನಮ್ಮ ಹುಣಸೂರ್ನಾಗೆ ಅದಕ್ಕಿಂತ ಐವತ್ತು ಕಮ್ಮಿ ಐತಲ್ಲ ಕಣ್ರೀ. ನಾವು ಉಳೀತೀವಾ?"

ಅವರ ಮಗಳು ನಾಜಿಯಾ ಕೆಳಗೆ ಏಣಿ ಹಿಡಿದುಕೊಂಡು ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ನಮ್ಮ ಊರು ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ತಲೆಯ ಮೇಲಿನ ಗಾಳಿಯ ಭಾರ ಕಡಿಮೆ, ಹಾಗಾಗಿ ಇಲ್ಲಿ ದಿನವೂ ಮುಳ್ಳು ಅಷ್ಟೇ ತೋರಿಸುವುದು. ಸಮುದ್ರದ ನಂಬರಿನ ಜೊತೆ ಹೋಲಿಸಬೇಕಾದರೆ ನಮ್ಮೂರಿನ ಎತ್ತರಕ್ಕೆ ತಕ್ಕಂತೆ ಕೂಡಿಸಿ ಹೇಳಬೇಕು. ಇದನ್ನು ಬೀದಿಗೆಲ್ಲ ವಿವರಿಸಿ ಸಾಹೇಬರನ್ನು ಇಳಿಸುವಷ್ಟರಲ್ಲಿ ನನ್ನ ಸಾರು ಸೀದಿತ್ತು.

ನಾಜಿಯಾಗೆ ಈಗ ನಾನಿದ್ದ ಇಲಾಖೆಯಲ್ಲೇ ಕೆಲಸ ಸಿಕ್ಕಿದೆ. ಪೂರ್ವ ಕರಾವಳಿಯ ಅದೇ ಕಚೇರಿ, ಚಂಡಮಾರುತದ ಅದೇ ವಿಭಾಗ. ಹೊರಡುವ ಮೊದಲು ಕೇಳಿದಳು: "ಆಂಟಿ, ಅಮೆರಿಕದಲ್ಲಿ ಹರಿಕೇನ್ ಬಂದ್ರೆ ವಿಮಾನ ತಗೊಂಡು ಒಳಗೇ ಹೋಗಿ ಅಳೀತಾರೆ. ನಾವು ಹೋಗಲ್ಲ. ಮತ್ತೆ ನಡುವೆ ಒತ್ತಡ ಇಷ್ಟೇ ಅಂತ ಹೆಂಗೆ ಹೇಳ್ತೀವಿ?" ನನ್ನ ಇಡೀ ನೌಕರಿ ಈ ಪ್ರಶ್ನೆಯ ಒಳಗೇ ಕಳೆಯಿತು. ಅವಳಿಗೂ ಅವಳಂತೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೂ ಅಂತ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಬಡ್ತಿ ಬಂತು ಅನ್ನುವುದನ್ನು ಬರೆಯುವುದಿಲ್ಲ. ಓದಿ ನಿಮಗೇನೂ ಆಗಬೇಕಾದ್ದಿಲ್ಲ.

ಬರೆಯಬೇಕಾದದ್ದು ಒಂದು ನಂಬರಿನ ವಿಷಯ. ಸಮುದ್ರದ ಮೇಲಿದ್ದ ಒಂದು ಚಂಡಮಾರುತದ ನಡುವಿನ ಒತ್ತಡ ಇಷ್ಟು ಅಂತ ನಾನು ಲೆಕ್ಕ ಹಾಕಿ ಹೇಳಿದೆ. ಅದನ್ನು ನಂಬಿ ಒಂದು ಊರನ್ನು ಖಾಲಿ ಮಾಡಿಸಿದರು. ಅದು ಸರಿಯಿತ್ತೋ ತಪ್ಪಿತ್ತೋ ಅಂತ ಹೇಳಬಲ್ಲವನು ಭೂಮಿಯ ಮೇಲೆ ಯಾರಾದರೂ ಇದ್ದರೆ ಅವನು ಆ ದಿನ ಅಲ್ಲಿ ಮಾಪಕ ಓದುತ್ತಿದ್ದ ಎಚ್.ಡಿ. ಕೋಟೆಯ ಎನ್. ಬೇಗೂರಿನ ಮಹದೇವ. ಅವನನ್ನು ಕೇಳಿಬಿಡಲು ನನಗೆ ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ. ನಾನು ಕೂತಲ್ಲಿ ಕೂರಲಾರದ್ದಕ್ಕೆ ಅರ್ಧ ಕಾರಣ ಅದೇ.

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಬೆಟ್ಟದಪುರದಲ್ಲಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಬೆಟ್ಟದ ಬುಡದಲ್ಲಿ ನಮ್ಮ ಬ್ಯಾರನ್ ಇತ್ತು, ಅಂದರೆ ಹಸಿ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಎತ್ತರದ ಗೂಡು. ಅದರ ಗೋಡೆಯಲ್ಲಿ ಅಂಗೈ ಅಗಲದ ಗಾಜಿನ ಕಿಂಡಿ, ಕಿಂಡಿಯ ಹಿಂದೆ ತೂಗುಹಾಕಿದ ಥರ್ಮಾಮೀಟರು. ಅಪ್ಪ ಆ ಕಿಂಡಿಗೆ ಬ್ಯಾಟರಿ ಬಿಟ್ಟು ಒಳಗಿನ ಬಿಸಿ ನೋಡಿ ಒಲೆಗೆ ಸೌದೆ ಹಾಕುತ್ತಿದ್ದರು, ಇಲ್ಲವೇ ಎಳೆಯುತ್ತಿದ್ದರು. ಒಳಗೆ ಹೋಗಿ ನೋಡಬೇಕು ಅಂತ ನಾನು ಹಟ ಮಾಡಿದರೆ, "ಬಾಗ್ಲು ತೆಗುದ್ರೆ ಸೊಪ್ಪು ಕೆಟ್ಟೋಯ್ತದೆ ಕಣವ್ವ. ಒಳಗೇನಾಯ್ತದೆ ಅಂತ ಈಚೆಯಿಂದ್ಲೇ ತಿಳ್ಕಬೇಕು" ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಸಂಬಳ ಕೊಟ್ಟು ನನ್ನಿಂದ ಮಾಡಿಸುತ್ತಿದ್ದದ್ದೂ ಅದನ್ನೇ.

ನನ್ನ ಮೊದಲನೆಯ ಮೇಲಧಿಕಾರಿ ಒಬ್ಬರು ಮುದುಕರು. ಕಚೇರಿಗೆ ಬಂದ ಹೊಸಬರ ಕೈಗೆ ಪೆನ್ಸಿಲ್ಲಿಗಿಂತ ಮೊದಲು ರಬ್ಬರು ಕೊಡುತ್ತಿದ್ದರು. ನಕ್ಷೆಯಲ್ಲಿ ಊರೂರಿನ ಒತ್ತಡ ಬರೆದು, ಒಂದೇ ಒತ್ತಡ ಇರುವ ಜಾಗಗಳನ್ನು ಗೆರೆಯಿಂದ ಸೇರಿಸಬೇಕಿತ್ತು. ಒಂದು ಗೆರೆ ಸೊಟ್ಟ ಹೋದರೂ ಹಿಂದೆ ಬಂದು ನಿಂತು ಕೆಮ್ಮುತ್ತಿದ್ದರು. ಬೈಯುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಅಳಿಸಿ ಮತ್ತೆ ಎಳೆಯಬೇಕು. ಅವರ ಕೆಮ್ಮು ಈಗಲೂ ಒಮ್ಮೊಮ್ಮೆ ನನ್ನ ಬೆನ್ನ ಹಿಂದೆ ಕೇಳಿಸುತ್ತದೆ.

ನಾಜಿಯಾ, ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮವ್ವನ ತವರು ಕೆ.ಆರ್. ನಗರದ ಹೊಸ ಅಗ್ರಹಾರ. ಅಲ್ಲಿ ನಮ್ಮ ಸೋದರಮಾವನ ಆಲೆಮನೆಯಿತ್ತು. ಬೆಲ್ಲದ ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಮಾವ ಉದ್ದ ಹಿಡಿಯ ಸಟ್ಟುಗದಿಂದ ಸುತ್ತಲೂ ತಿರುಗಿಸುತ್ತಿದ್ದ. ಪಾಕ ಗರಗರ ಸುತ್ತತೊಡಗಿದರೆ ನಡುವೆ ಗುಳಿ ಬೀಳುತ್ತದೆ, ಅಂಚಿನಲ್ಲಿ ಏರುತ್ತದೆ. ಸುತ್ತುವ ಪಾಕ ಹೊರಕ್ಕೆ ಚಿಮ್ಮಲು ನೋಡುತ್ತದೆ, ಅಂಚಿನಲ್ಲಿ ಏರಿದ ಪಾಕದ ಭಾರ ಅದನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಎರಡೂ ಸಮ ಆಗುವಷ್ಟು ಮಾತ್ರ ಇಳಿಜಾರು. ಅಂದ ಮೇಲೆ ಅಂಚಿನಿಂದ ಒಳಕ್ಕೆ ಒಂದೊಂದು ಉಂಗುರದಲ್ಲೂ ಪಾಕ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ಗೊತ್ತಿದ್ದರೆ ಆ ಉಂಗುರದ ಇಳಿಜಾರು ಗೊತ್ತಾಗುತ್ತದೆ. ಎಲ್ಲ ಉಂಗುರಗಳ ಇಳಿಜಾರನ್ನೂ ಕೂಡಿದರೆ ನಡುವಿನ ಗುಳಿಯ ಆಳ ಸಿಕ್ಕುತ್ತದೆ. ಕುದಿಯುವ ಪಾಕದೊಳಗೆ ಕೈ ಇಡಬೇಕಾಗಿಲ್ಲ.

ಚಂಡಮಾರುತದಲ್ಲೂ ಅಷ್ಟೇ. ಸುತ್ತುವ ಗಾಳಿ ಹೊರಕ್ಕೆ ಚಿಮ್ಮಲು ನೋಡುತ್ತದೆ, ಭೂಮಿ ತಿರುಗುವುದೂ ಅದಕ್ಕೊಂದಿಷ್ಟು ಕೈ ಸೇರಿಸುತ್ತದೆ. ಹೊರಗಿನ ಹೆಚ್ಚಿನ ಒತ್ತಡ ಅದನ್ನು ಒಳಕ್ಕೆ ತಳ್ಳಿ ಹಿಡಿಯುತ್ತದೆ. ದೂರದ ಹಡಗುಗಳು ಹೇಳುವ ಗಾಳಿ, ಬಂದರುಗಳ ಗಾಳಿ, ಉಪಗ್ರಹ ಕಾಣುವ ಗಾಳಿ, ಎಲ್ಲವನ್ನೂ ಸೇರಿಸಿ ಹೊರಗಿನಿಂದ ಒಳಕ್ಕೆ ಉಂಗುರ ಉಂಗುರವಾಗಿ ಕೂಡುತ್ತಾ ಹೋಗಬೇಕು. ಒಟ್ಟು ಬಂದ ಇಳಿತವನ್ನು ಹೊರಗಿನ ಒತ್ತಡದಿಂದ ಕಳೆದರೆ ನಡುವಿನ ನಂಬರು. ಆ ನಂಬರು ಕೆಳಗಿಳಿದಷ್ಟೂ ಸಮುದ್ರ ಉಬ್ಬಿ ಊರಿನ ಮೇಲೆ ಬರುವ ಅಪಾಯ ಹೆಚ್ಚು.

ಕೇಳಲು ಸಲೀಸು. ಎಡವುವುದು ಎಲ್ಲಿ ಅಂದರೆ, ಆ "ಹೊರಗಿನ ಒತ್ತಡ" ಅನ್ನುವಲ್ಲಿ. ನಮ್ಮ ವಿಭಾಗದಲ್ಲಿ ಎಲ್ಲರೂ ಕಣ್ಣುಮುಚ್ಚಿ ಸಾವಿರದ ಹತ್ತು ಅಂತ ಹಿಡಿಯುತ್ತಿದ್ದರು. ಮಳೆಗಾಲದ ಹೊತ್ತಿನಲ್ಲಿ ಸುತ್ತಮುತ್ತಲ ಒತ್ತಡವೇ ಅದಕ್ಕಿಂತ ಕೆಳಗಿರುತ್ತದೆ. ನೆಲವೇ ತಗ್ಗಿನಲ್ಲಿದ್ದರೆ ಬಾವಿಯ ತಳ ಇನ್ನೂ ಕೆಳಗೆ ತಾನೆ? ಒಂದು ಮಳೆಗಾಲ ಪೂರ್ತಿ ನಮ್ಮ ನಂಬರುಗಳೆಲ್ಲ ಇರಬೇಕಾದದ್ದಕ್ಕಿಂತ ಮೇಲೇ ಇದ್ದವು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಟೀ ಕುಡಿಯಲು ಹೋದೆವು.

ಮಹದೇವ ನಮ್ಮ ಕಡೆಯವನು ಅಂತ ಗೊತ್ತಾದದ್ದು ಅವನ ತಪ್ಪಿನಿಂದಲೇ. ಅವನು ವೀಕ್ಷಕ, ಅಂದರೆ ಒಂದು ಊರಿನ ವೀಕ್ಷಣಾಲಯದಲ್ಲಿದ್ದು ಒತ್ತಡ, ಗಾಳಿ, ಮಳೆ ಅಳೆದು ಕಚೇರಿಗೆ ತಿಳಿಸುವವನು. ಮೊದಲು ಅವನನ್ನು ಬೆಟ್ಟದ ಮೇಲಿನ ಒಂದು ಊರಿಗೆ ಹಾಕಿದ್ದರು. ಎತ್ತರಕ್ಕೆ ತಕ್ಕಂತೆ ಕೂಡಿಸುವುದನ್ನು ಮರೆತು ಮಾಪಕದಲ್ಲಿದ್ದದ್ದನ್ನೇ ಕಳಿಸಿಬಿಟ್ಟ. ನಮ್ಮ ನಕ್ಷೆಯಲ್ಲಿ ಆ ಬೆಟ್ಟದ ತುದಿಯ ಮೇಲೆ, ಬಿಸಿಲು ಕಾಯುತ್ತಿರುವ ಹೊತ್ತಿನಲ್ಲಿ, ದೊಡ್ಡ ಚಂಡಮಾರುತವೊಂದು ಮೂಡಿ ಕೂತಿತ್ತು. ಅಕ್ಬರ್ ಸಾಹೇಬರ ತಪ್ಪೇ, ಆದರೆ ಸರ್ಕಾರಿ ಮೊಹರಿನೊಂದಿಗೆ. ಕಚೇರಿಯವರು ಅವನಿಗೆ "ಬೆಟ್ಟದ ಸೈಕ್ಲೋನ್" ಅಂತ ಹೆಸರಿಟ್ಟರು. ಅದು ಕೊನೆಯವರೆಗೂ ಬಿಡಲಿಲ್ಲ.

ಆ ದಿನ ಫೋನಿನಲ್ಲಿ ಅವನನ್ನು ಗದರಿಸುವ ಕೆಲಸ ನನಗೆ ಬಂತು. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದವನು ನನ್ನ ಮಾತಿನ ಧಾಟಿ ಹಿಡಿದು, "ನೀವು ಮೈಸೂರ್ ಕಡೆಯೋರಾ ಅಕ್ಕ?" ಅಂದ. ಬೆಟ್ಟದಪುರ ಅಂದೆ. "ನಂದು ಬೇಗೂರು ಅಕ್ಕ, ಕೋಟೆ ತಾಲೂಕು. ಇನ್ಮ್ಯಾಕೆ ತಪ್ಪಾಗಾಕಿಲ್ಲ" ಅಂದ. ಮುಂದೆ ಎಂದೂ ತಪ್ಪು ಮಾಡಲಿಲ್ಲ. ಆ ಅವಮಾನ ಅವನಿಗೆ ಒಂದು ಚಾಳಿ ಅಂಟಿಸಿತು. ಮಾಪಕ ಓದಿ, ಬರೆದು, ಹೊರಟು, ಹೊಸಿಲು ದಾಟುವ ಮುಂಚೆ ತಿರುಗಿ ಇನ್ನೊಂದು ಸಲ ಮಾಪಕ ನೋಡುವುದು. ನೋಡದಿದ್ದರೆ ಅವನಿಗೆ ಹೆಜ್ಜೆ ಏಳುತ್ತಿರಲಿಲ್ಲ. "ಮನೇಲೂ ಅಂಗೇ ಅಕ್ಕ, ಬೀಗ ಹಾಕುದ್ ಮ್ಯಾಲೆ ಎರಡ್ ಸಲ ಜಗ್ತಾರೆ, ಬಸ್ಸು ಬುಟ್ಟೋದ್ರೂ ಪರವಾಗಿಲ್ಲ" ಅಂತ ಅವನ ಹೆಂಡತಿ ಕೆಂಪಮ್ಮ ಒಮ್ಮೆ ನನಗೆ ದೂರು ಹೇಳಿದ್ದಳು.

ಆಮೇಲೆ ಅವನಿಗೆ ಕರಾವಳಿಯ ಒಂದು ಮೀನುಗಾರರ ಊರಿಗೆ ವರ್ಗವಾಯಿತು. ಊರು ಒಂದು ಕಡೆ. ಚಿಕ್ಕ ಹೊಳೆಯೊಂದನ್ನು ದಾಟಿದರೆ ಮರಳಿನ ದಿಬ್ಬದ ಮೇಲೆ ವೀಕ್ಷಣಾಲಯ, ಪಕ್ಕದಲ್ಲೇ ಇವರ ಮನೆ. ನಡುವೆ ದಾಟಲು ಒಂದು ತಗ್ಗು ಮೋರಿ, ಅಂದರೆ ಕಿರುಸೇತುವೆ. ಅದರ ಮೇಲೆ ನೀರು ಬಂದರೆ ಆಚೆ ಇದ್ದವರು ಆಚೆಯೇ.

ನಾನು ಹೇಳುತ್ತಿರುವ ಚಂಡಮಾರುತ ಬಂದದ್ದು ನನ್ನ ನೌಕರಿಯ ಕೊನೆಕೊನೆಯ ವರ್ಷಗಳಲ್ಲಿ. ಆಗ ನಮ್ಮ ಮೇಲಿದ್ದವರು ವೆಂಕಟಾಚಲಂ ಸಾರ್. ತಮಿಳರು, ಒಳ್ಳೆ ಓದಿಕೊಂಡವರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವರನ್ನು ಕೆಟ್ಟವರು ಅಂತ ಯಾರೂ ತಿಳಿಯಬಾರದು. ಹಿಂದೊಮ್ಮೆ ಅವರು ಎಚ್ಚರಿಕೆ ಕೊಟ್ಟು ಕರಾವಳಿಯ ಊರುಗಳನ್ನು ಖಾಲಿ ಮಾಡಿಸಿದ್ದರು. ಚಂಡಮಾರುತ ದಾರಿ ತಪ್ಪಿ ಬೇರೆಡೆ ಹೋಯಿತು. ಜನ ವಾಪಸು ಬಂದು ನೋಡಿದರೆ ಬಲೆಗಳು ಕಳುವಾಗಿದ್ದವು. ಅದಾದ ಮೇಲೆ ಬಂದ ಎಚ್ಚರಿಕೆಗೆ ಆ ಊರುಗಳಲ್ಲಿ ಯಾರೂ ಕದಲಲಿಲ್ಲ. ಸಾರ್‌ಗೆ ಆ ಹೆದರಿಕೆ ಒಳಗೆ ಕೂತುಬಿಟ್ಟಿತ್ತು. ಸುಳ್ಳು ಎಚ್ಚರಿಕೆ ಮುಂದಿನ ನಿಜವಾದ ಎಚ್ಚರಿಕೆಯನ್ನು ಕೊಲ್ಲುತ್ತದೆ ಅನ್ನುತ್ತಿದ್ದರು. ಅದು ತಪ್ಪು ಮಾತೂ ಅಲ್ಲ.

ಆ ಬೆಳಗ್ಗೆ ಉಪಗ್ರಹದ ಚಿತ್ರದಲ್ಲಿ ಚಂಡಮಾರುತ ಹಿಂಜಿದ ಅರಳೆಯ ಹಾಗೆ ಕಾಣುತ್ತಿತ್ತು. ನಡುವೆ ಕಣ್ಣು ಸರಿಯಾಗಿ ಮೂಡಿರಲಿಲ್ಲ. ಗಾಳಿ ಬಹಳ ಜೋರೂ ಇರಲಿಲ್ಲ. ಕಚೇರಿಯಲ್ಲಿ ಒಂದು ಕೋಷ್ಟಕವಿತ್ತು: ಗಾಳಿ ಇಷ್ಟಿದ್ದರೆ ನಡುವಿನ ಒತ್ತಡ ಇಷ್ಟು. ಅದರ ಪ್ರಕಾರ ದೊಡ್ಡ ಅಪಾಯವಿಲ್ಲ. ಆದರೆ ಈ ಚಂಡಮಾರುತ ಅಗಲವಾಗಿತ್ತು. ಎಷ್ಟೋ ದೂರದ ಹಡಗುಗಳೂ ಬಲವಾದ ಗಾಳಿ ಹೇಳುತ್ತಿದ್ದವು. ನಡುವಿನ ಹತ್ತಿರ ಮಾತ್ರ ಗಾಳಿ ಸುತ್ತಿದರೆ ಕೂಡಬೇಕಾದ ಉಂಗುರ ಕೆಲವೇ. ದೂರದಿಂದಲೇ ಸುತ್ತುತ್ತಾ ಬಂದರೆ ಒಂದೊಂದು ಉಂಗುರವೂ ತನ್ನ ಪಾಲಿನ ಇಳಿಜಾರು ಸೇರಿಸುತ್ತಾ ಹೋಗುತ್ತದೆ. ಕೋಷ್ಟಕಕ್ಕೆ ಅಗಲ ಗೊತ್ತಿಲ್ಲ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಂತುಕೊಂಡೇ ಲೆಕ್ಕ ಹಾಕತೊಡಗಿದೆ.

ಮಹದೇವನ ಊರಿನಲ್ಲಿ ತಾನಾಗಿಯೇ ಅಳೆದು ಕಳಿಸುವ ಯಂತ್ರವೂ ಇತ್ತು. ಯಾವಾಗ ಬೇಕೋ ಆವಾಗಲೇ ಅವು ಕೈ ಕೊಡುತ್ತವೆ. ಕಂಬ ಉರುಳಿ ಯಂತ್ರ ಮೂಕವಾಯಿತು. ಉಳಿದದ್ದು ಹಳೆಯ ಪಾದರಸದ ಮಾಪಕ ಮತ್ತು ಮಹದೇವ. ಗಂಟೆಗೊಂದು ಸಲ ಓದಿ ಫೋನಿನಲ್ಲಿ ಹೇಳುತ್ತಿದ್ದ. ಒತ್ತಡ ಕೋಷ್ಟಕ ಒಪ್ಪದಷ್ಟು ಬೇಗ, ನನ್ನ ಲೆಕ್ಕದಿಂದ ಅವನ ಊರಿಗೆ ಎಳೆದ ಗೆರೆಯ ಮೇಲೇ, ಇಳಿಯುತ್ತಿತ್ತು.

ಸಾರ್ ಹತ್ತಿರ ತೆಗೆದುಕೊಂಡು ಹೋದೆ. ಅವರು ನೋಡಿ ಕನ್ನಡಕ ತೆಗೆದರು. "ನಿಮ್ಮ ಬೆಟ್ಟದ ಸೈಕ್ಲೋನ್ ಮತ್ತೆ ಶುರು ಮಾಡಿದ್ದಾನೆ. ಕೂಡಿಸುವುದನ್ನು ಮರೆತಿದ್ದಾನೆ."

"ಸಾರ್, ಅವನಿರುವುದು ಸಮುದ್ರದ ದಂಡೆಯಲ್ಲಿ. ಅಲ್ಲಿ ಎತ್ತರಕ್ಕೆ ಅಂತ ಕೂಡಿಸುವುದು ಎಳ್ಳುಕಾಳಿನಷ್ಟು. ಮರೆತರೂ ಇಷ್ಟು ವ್ಯತ್ಯಾಸ ಬರುವುದಿಲ್ಲ."

ಆ ಮಾತು ಅವರಿಗೆ ತಟ್ಟಿತು ಅಂತ ಮುಖದಲ್ಲೇ ಕಾಣಿಸಿತು. ಆದರೂ ಹೇಳಿದರು: "ಒತ್ತಡ ಇಳಿಯುತ್ತಿದೆ ಸರಿ. ನಡು ಇನ್ನೂ ದೂರದಲ್ಲಿದೆ. ನಡುವೆ ನೀವು ಹೇಳುವಷ್ಟು ಕೆಳಗಿದೆ ಅನ್ನುವುದು ನಿಮ್ಮ ಲೆಕ್ಕ, ಅಳತೆಯಲ್ಲ. ಅವನ ಮುಂದಿನ ರೀಡಿಂಗೂ ನಿಮ್ಮ ಲೆಕ್ಕದ ಗೆರೆಯ ಮೇಲೇ ಬಂದರೆ ಊರು ಖಾಲಿ ಮಾಡಿಸಲು ಹೇಳುತ್ತೇನೆ. ಅದೊಂದು ಬರಲಿ."

ನ್ಯಾಯವಾದ ಮಾತು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ಮಹದೇವನಿಗೆ ಫೋನು ಮಾಡಿದೆ. ಗಾಳಿಯ ಭೋರ್ಗರೆತದ ನಡುವೆ ಅವನ ದನಿ ಬಂತು.

"ಸರ್ವೆ ತೋಪಿನೊಳೀಕೆ ನೀರು ಬಂದೈತೆ ಅಕ್ಕ."

"ಮೋರಿ?"

"ಇನ್ನೂ ಕಾಣ್ತಾ ಐತೆ. ಮುಂದ್ಲ ರೀಡಿಂಗ್ ಒತ್ಗೆ ಏನಾಯ್ತದೋ ಏಳಾಕಾಗಲ್ಲ."

ಹಿಂದಿನಿಂದ ಕೆಂಪಮ್ಮ ಕೂಗುತ್ತಿದ್ದಳು: "ಒರಡು ಅಂತ ನೀವಾದ್ರೂ ಏಳಿ ಅಕ್ಕ. ನನ್ ಮಾತ್ ಕೇಳಕಿಲ್ಲ ಇವ್ರು."

"ನೀವು ಸುಮ್ಕಿರೀ ಅಕ್ಕ, ನಾನು ರೀಡಿಂಗ್ ಕೊಟ್ಟೇ ಬತ್ತೀನಿ. ಇವ್ಳು ಎದ್ರುಕೊಳ್ತಾಳೆ ಅಷ್ಟೇಯ" ಅಂದ ಮಹದೇವ.

ನಾನು ಫೋನು ಹಿಡಿದುಕೊಂಡೇ ಕಚೇರಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ಆ ರೀಡಿಂಗು ಬಂದರೆ ಊರಿನ ಜನ ಲಾರಿ ಹತ್ತುತ್ತಾರೆ. ಬರುವವರೆಗೆ ಮಹದೇವ ಅಲ್ಲಿ ನಿಲ್ಲಬೇಕು, ಕೆಂಪಮ್ಮನೂ ಅವನನ್ನು ಬಿಟ್ಟು ಬರುವವಳಲ್ಲ. ಮೋರಿ ಮುಳುಗಿದರೆ ಇಬ್ಬರೂ ಆಚೆ. ನನ್ನ ಕಾಗದದ ಮೇಲೆ ಉಂಗುರಗಳ ಮೊತ್ತ ಇತ್ತು. ಎರಡು ಸಲ ಕೂಡಿದ್ದೆ. ನಡುವಿನ ನಂಬರು ಕೋಷ್ಟಕಕ್ಕಿಂತ ತೀರಾ ಕೆಳಗೆ ಬಂದಿತ್ತು. ಸರಿಯಿದೆ ಅಂತ ಹೊಟ್ಟೆಯೊಳಗೆ ಗೊತ್ತಿತ್ತು, ಆದರೆ ಹೊಟ್ಟೆಯೊಳಗಿನದನ್ನು ಬುಲೆಟಿನ್ನಿನಲ್ಲಿ ಬರೆಯಲು ಬರುವುದಿಲ್ಲ. ಮಹದೇವನ ಒಂದೇ ಒಂದು ರೀಡಿಂಗಿಗೆ ನನ್ನ ಜೀವ ಎಷ್ಟು ಬಡಿದುಕೊಂಡಿತು ಅಂದರೆ, ಕೇಳಿಬಿಡೋಣ, ಇನ್ನೊಂದು ಗಂಟೆ ತಾನೆ ಅಂತ ನಾಲಿಗೆ ತುದಿಗೆ ಬಂತು.

"ಮಹದೇವ, ನೀನು ಹೊರಡು."

"ರೀಡಿಂಗು?"

"ಬೇಡ."

"ನಿಮ್ಗೆ ಬೇಕಲ್ಲಕ್ಕ. ಅವ್ರು ನಿಮ್ ಮಾತ್ ಒಪ್ಬೇಕಲ್ಲ."

"ಬೇಕು ಕಣಪ್ಪ. ಆದ್ರೂ ಹೊರಡು. ಕೆಂಪಮ್ಮನ್ನ ಕರ್ಕೊಂಡು ಈಗಲೇ ಮೋರಿ ದಾಟು. ಇದು ನನ್ನ ಆರ್ಡರು ಅನ್ಕೋ."

ಅವನು "ಸರಿಯಕ್ಕ" ಅಂದ. ಫೋನು ಕಡಿದುಹೋಯಿತು.

ಸಾರ್ ರೂಮಿಗೆ ಹೋಗಿ ಕಾಗದ ಮುಂದಿಟ್ಟೆ. "ಆ ರೀಡಿಂಗು ಇನ್ನು ಬರುವುದಿಲ್ಲ ಸಾರ್. ಅವನನ್ನು ಹೊರಡಿಸಿಬಿಟ್ಟೆ. ಇದು ನನ್ನ ನಂಬರು, ಕೆಳಗೆ ನನ್ನ ಸಹಿಯಿದೆ."

"ಗಿರಿಜಾ, ನನ್ನನ್ನು ಕೇಳದೆ?"

"ಕೇಳಿದರೆ ನೀವು ಬೇಡ ಅನ್ನುತ್ತಿದ್ದಿರಿ."

"ತಪ್ಪಾದರೆ?"

"ತಪ್ಪಾದರೆ ನನ್ನ ತಲೆಗೆ ಕಟ್ಟಿ."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕಾಗದವನ್ನು ಮತ್ತೆ ಎತ್ತಿಕೊಂಡು ಉಂಗುರ ಉಂಗುರವಾಗಿ ತಾವೇ ಕೂಡಿಕೊಂಡು ಬಂದರು, ತುಟಿ ಅಲುಗುತ್ತಿತ್ತು. ಮುಗಿಸಿ ನನ್ನ ಕಡೆ ನೋಡದೆ ಫೋನೆತ್ತಿ ಜಿಲ್ಲಾ ಕಚೇರಿಗೆ ಮಾತಾಡಿದರು. ಮಧ್ಯಾಹ್ನ ಕಳೆಯುವ ಮುಂಚೆ ಲಾರಿಗಳು ಆ ಊರಿಗೆ ಹೋದವು.

ಆ ಸಂಜೆ ಸಮುದ್ರ ಊರಿನೊಳಗೆ ನುಗ್ಗಿತು. ಗುಡಿಸಲುಗಳು ಹೋದವು, ದೋಣಿಗಳು ಹೋದವು. ಮನುಷ್ಯರು ದೂರದ ಶಾಲೆಯ ಕಟ್ಟಡದಲ್ಲಿದ್ದರು. ಮರಳಿನ ದಿಬ್ಬದ ಮೇಲಿನ ವೀಕ್ಷಣಾಲಯ ಬುಡಸಮೇತ ಹೋಯಿತು, ಜೊತೆಗೆ ಪಾದರಸದ ಮಾಪಕವೂ. ಮಹದೇವ, ಕೆಂಪಮ್ಮ ಶಾಲೆಯಲ್ಲಿದ್ದಾರೆ ಅಂತ ಸುದ್ದಿ ಬರುವವರೆಗೆ ನಾನು ನೀರು ಕುಡಿದ ನೆನಪಿಲ್ಲ. ಬಂದಾಗ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಚೇರಿಯ ಕಥೆಗಳು ಹಾಗೆ ಮುಗಿಯುವುದಿಲ್ಲ. ಚಂಡಮಾರುತ ಹೋದ ಮೇಲೆ ಅದರ ಅಧಿಕೃತ ಒತ್ತಡ ಎಷ್ಟು ಅಂತ ತೀರ್ಮಾನಿಸಲು ಸಮಿತಿ ಕೂತಿತು. ಸಮುದ್ರ ಉಬ್ಬಿತಲ್ಲ ಅಂದರೆ, ಅದಕ್ಕೆ ಭರತವೂ ಕಾರಣ, ದಂಡೆಯ ತಗ್ಗೂ ಕಾರಣ, ಅದರಿಂದ ನಂಬರು ಹೇಳಲಾಗುವುದಿಲ್ಲ ಅಂದರು. ಅದೂ ನಿಜ. ಕೋಷ್ಟಕದವರು ಒಂದು ಕಡೆ ಎಳೆದರು, ನಾನು ಇನ್ನೊಂದು ಕಡೆ ಎಳೆದೆ. ಕೊನೆಗೆ ಎರಡರ ನಡುವಿನ 'ಅಂದಾಜು' ನಂಬರೊಂದನ್ನು ಅಚ್ಚು ಹಾಕಿಸಿದರು, ಮಕ್ಕಳ ಜಗಳ ಬಿಡಿಸಲು ಬಾಳೆಹಣ್ಣು ಮುರಿದು ಕೊಟ್ಟ ಹಾಗೆ. ಈಗ ಕಂಪ್ಯೂಟರುಗಳಲ್ಲಿ ಹೊಸ ಲೆಕ್ಕಗಳು ಬಂದಿವೆ, ಅಗಲವನ್ನೂ ಸುತ್ತಲಿನ ಒತ್ತಡವನ್ನೂ ಕೇಳಿಯೇ ಮುಂದೆ ಹೋಗುತ್ತವೆ. ಆ ಹೊಸ ಲೆಕ್ಕಗಳನ್ನೂ ಪರೀಕ್ಷಿಸುವುದು ಹಳೆಯ ಚಂಡಮಾರುತಗಳ ಮೇಲೆ, ಅದರಲ್ಲಿ ಈ ಮುರಿದ ಬಾಳೆಹಣ್ಣೂ ಒಂದು. ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮಹದೇವನಿಗೆ ಒಂದು ಮೆಮೊ ಬಂತು: ವೀಕ್ಷಣೆಯನ್ನು ನಡುವೆ ಯಾಕೆ ನಿಲ್ಲಿಸಿದೆ? ನಾನು ಉತ್ತರ ಬರೆಯಲು ಕೂತಿದ್ದೆ. ಅಷ್ಟರಲ್ಲಿ ವೆಂಕಟಾಚಲಂ ಸಾರ್ ತಾವೇ ಬರೆದು ಕಳಿಸಿಬಿಟ್ಟಿದ್ದರು, "ಹೊರಡಲು ನಾನೇ ಹೇಳಿದೆ" ಅಂತ. ಯಾಕೆ ಸಾರ್ ಅಂದರೆ, "ಹೇಳಬೇಕಾಗಿತ್ತು, ಹೇಳಲಿಲ್ಲ. ಕಾಗದದಲ್ಲಾದರೂ ಹೇಳಿರುತ್ತೇನೆ" ಅಂದರು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ.

ನನ್ನ ತಲೆಯಲ್ಲಿ ಮಾತ್ರ ಒಂದು ಹುಳ ಹೊಕ್ಕಿತ್ತು. ಮಹದೇವ ಹೊಸಿಲು ದಾಟುವ ಮುಂಚೆ ತಿರುಗಿ ಮಾಪಕ ನೋಡದೆ ಹೋಗುವವನಲ್ಲ. ಅಂದ ಮೇಲೆ ಆ ದಿನವೂ ನೋಡಿರಬೇಕು. ಕೊನೆಯ ರೀಡಿಂಗ್ ಅವನ ಕಣ್ಣಲ್ಲಿದೆ. ನಾನು ಬೇಡ ಅಂದದ್ದರಿಂದ ಹೇಳಿಲ್ಲ. ಅದು ನನ್ನ ಗೆರೆಯ ಮೇಲಿದ್ದರೆ ನನ್ನ ಲೆಕ್ಕ ಸರಿ. ಇಲ್ಲದಿದ್ದರೆ, ಕಣ್ಣುಮುಚ್ಚಿ ಎಸೆದ ಕಲ್ಲು ಮಾವಿನಕಾಯಿಗೆ ಬಿದ್ದಂತೆ. ನಿವೃತ್ತಿಯಾಗಿ ಅವನು ಬೇಗೂರಿಗೆ ಬಂದ, ನಾನು ಹುಣಸೂರಿಗೆ ಬಂದೆ. ಹಬ್ಬಕ್ಕೆ ಫೋನು ಮಾಡುತ್ತಾನೆ, ಶುಂಠಿ ಕಳಿಸುತ್ತಾನೆ. ಕೇಳಲು ಬಾಯಿ ತೆರೆದು ಮಳೆ ಹೆಂಗಪ್ಪಾ ಅಂತ ಕೇಳಿ ಇಟ್ಟುಬಿಡುತ್ತಿದ್ದೆ.

ಹೋದ ವಾರ ನಾಜಿಯಾಳನ್ನು ಕರೆದುಕೊಂಡು ಬೇಗೂರಿಗೆ ಹೋದೆ. ಕೆಲಸಕ್ಕೆ ಹೊರಡುವ ಮುಂಚೆ ಒಬ್ಬ ವೀಕ್ಷಕನನ್ನಾದರೂ ಅವಳು ನೋಡಲಿ ಅಂದುಕೊಂಡೆ. ಅವಳಿಗೆ ಹೇಳಿದ ನೆಪ ಅದು. ಕೋಟೆಯಲ್ಲಿ ಬಸ್ಸು ಬದಲಾಯಿಸುವಾಗ ಅವಳು, "ಆಂಟಿ, ನೀವ್ಯಾಕೆ ಇಷ್ಟು ಒದ್ದಾಡ್ತಾ ಇದೀರಿ? ಸೀಟ್ ಇದ್ರೂ ನಿಂತೇ ಬಂದ್ರಲ್ಲ" ಅಂದಳು. ದಾರಿಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಮಹದೇವನ ಮನೆಯ ಹಿಂದೆ ಆನೆ ಕಂದಕ, ಮುಂದೆ ಕೇರಳದ ಚೇಟನ್ಮಾರಿಗೆ ಗುತ್ತಿಗೆ ಕೊಟ್ಟ ಶುಂಠಿ ಹೊಲ. "ಚೇಟನ್ಮಾರು ಈ ಸಲ ನೀರಿಗೆ ಬೋರ್ ಕೊರ್ಸವ್ರೆ ಅಕ್ಕ" ಅಂತ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಂಪಮ್ಮ ರಾಗಿಮುದ್ದೆ, ಅವರೆಕಾಳು ಸಾರು ಬಡಿಸಿದಳು. ನಾನು ಮುದ್ದೆಯನ್ನು ಸಾರಿನಲ್ಲಿ ಸುಮ್ಮನೆ ಹೊರಳಿಸುತ್ತಿದ್ದೆ. ಕೊನೆಗೆ ನಾಜಿಯಾಳೇ ಕೇಳಿದಳು.

"ಅಂಕಲ್, ಆವತ್ತು ವೀಕ್ಷಣಾಲಯದಿಂದ ಹೊರಟ್ರಲ್ಲ, ಕೊನೇಗೆ ತಿರುಗಿ ನೋಡಿದಾಗ ಎಷ್ಟಿತ್ತು?"

ಮಹದೇವನ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಕಡೆ ನೋಡಿದ.

"ಇದುನ್ನ ಕೇಳಾಕೆ ಬಂದ್ರಾ ಅಕ್ಕ?"

"ಹೂಂ ಕಣಪ್ಪ."

"ನೋಡ್ಲಿಲ್ಲ."

"ನೀನು? ನೋಡದೆ ಹೊರಟೆಯಾ?"

"ತಿರುಗಿ ನೋಡಿದ್ರೆ ಮುಂದ್ಲ ರೀಡಿಂಗ್‌ಗಂಟ ಅಲ್ಲೇ ನಿಂತ್ಬುಡ್ತಿದ್ದೆ ಅಕ್ಕ. ನಂಗೆ ನನ್ ಚಾಳಿ ಗೊತ್ತು. ನೀವು ಬೇಕು ಅಂದ್ರಿ, ಆದ್ರೂ ಒರಡು ಅಂದ್ರಿ. ಬೇಕು ಅನ್ನೋರು ಬುಡು ಅಂದ್ರೆ ಬುಡ್ಬೇಕು ಅನ್ನುಸ್ತು. ಕತ್ತು ಬಗ್ಗಿಸ್ಕೊಂಡು ಈಚೆಗ್ ಬಂದೆ."

"ಬಾಗ್ಲೂ ಹಾಕ್ಲಿಲ್ಲ ಕಣಕ್ಕ" ಅಂದಳು ಕೆಂಪಮ್ಮ. "ನನ್ ಕೈ ಹಿಡ್ಕೊಂಡು ಓಡಿದ್ದೇ ಓಡಿದ್ದು. ಮೋರಿ ಮ್ಯಾಲೆ ಆಗ್ಲೇ ಮಂಡೀಗಂಟ ನೀರಿತ್ತು. ನಾವು ದಾಟಿ ತಿರುಗಿ ನೋಡೋದ್ರೊಳಗೆ ಮೋರೀನೇ ಕಾಣ್ಲಿಲ್ಲ."

ನಾಜಿಯಾ ನನ್ನ ಮುಖ ನೋಡುತ್ತಿದ್ದಳು. ನನಗೆ ಮೊದಲು ಬಂದದ್ದು ನಿರಾಸೆ, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಒಂದು ಕಣ್ಣೊಳಗೆ ಭದ್ರವಾಗಿದೆ ಅಂದುಕೊಂಡಿದ್ದ ನಂಬರು ಅಲ್ಲೂ ಇರಲಿಲ್ಲ. ಆಮೇಲೆ ಕೆಂಪಮ್ಮ ಹೇಳಿದ ಆ ಮಂಡಿಯುದ್ದ ನೀರು ನನ್ನ ಕಣ್ಣ ಮುಂದೆ ಬಂತು. ಇನ್ನೊಂದು ಗಂಟೆ ನಿಲ್ಲು ಅಂದಿದ್ದರೆ ಇಬ್ಬರೂ ಮೋರಿಯ ಆಚೆಯೇ ಉಳಿಯುತ್ತಿದ್ದರು. ನಾಜಿಯಾ, ನಾಳೆ ನೀನೂ ಫೋನಿನ ಈ ಕಡೆ ಇರುತ್ತೀಯ, ಆ ಕಡೆ ಯಾರೋ ಒಬ್ಬರು ಮಾಪಕದ ಮುಂದೆ ನಿಂತಿರುತ್ತಾರೆ. ಉಂಗುರಗಳನ್ನು ಕೈಯಲ್ಲೇ ಒಂದು ಸಲ ಕೂಡಿ ಕಲಿತುಕೋ. ಅವರನ್ನು ಅಲ್ಲಿಂದ ಹೊರಡಿಸಲು ಅದು ಬೇಕಾಗುತ್ತದೆ.

"ಇನ್ನೊಂದ್ ಮುದ್ದೆ ಆಕು" ಅಂತ ಮಹದೇವ ತಟ್ಟೆ ಮುಂದೆ ಚಾಚಿದ. ನನ್ನ ನಂಬರು ಸರಿಯಿತ್ತೋ ತಪ್ಪಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕೆಂಪಮ್ಮ ಬಿಸಿ ಮುದ್ದೆ ಇಟ್ಟಳು, ಅವನು ಬೆರಳಿಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ ಅದನ್ನು ಮುರಿಯತೊಡಗಿದ.